ರಂಜನನ ಟಿವಿ ಚೌಕಟ್ಟು

ಕೋಟೇಶ್ವರದ ರಂಜನನ ಕಂಪ್ಯೂಟರಿನಲ್ಲಿ ಅವನು ಬಾಲ್ಯದಲ್ಲಿ ಆಡಿದ ವಿಡಿಯೊ ಗೇಮುಗಳೆಲ್ಲ ಇವೆ, ಅವನ್ನು ಓಡಿಸುವ ಎಮ್ಯುಲೇಟರೂ ಇದೆ. ಅವನು ಆಡಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಹಳೆಯ ಆಟದ ಚಿತ್ರ ಚೌಕ, ಈಗಿನ ಪರದೆ ಅಗಲ. ಎರಡೂ ಬದಿಗೆ ಉಳಿಯುವ ಕಪ್ಪು ಜಾಗ ಕಂಡರೆ ಅವನಿಗೆ ಮೈಯೆಲ್ಲ ತುರಿಕೆ. ಅಲ್ಲಿಗೆ ಮನೆಯ ಹಳೇ ಟಿವಿಯ ಚೌಕಟ್ಟನ್ನೇ ಬರೆದು ಕೂರಿಸುತ್ತಾನೆ: ಮರದ ಬಣ್ಣ, ಸದ್ದು ಹೆಚ್ಚಿಸುವ ಗುಂಡಿ, ಹಿಂದಿನಿಂದ ಇಣುಕುವ ಹಲ್ಲಿ. ಹಲ್ಲಿಯ ಬಾಲ ತುಸು ಉದ್ದವಾಯಿತೆಂದರೆ ಆ ವಾರ ಊಟ ರುಚಿಸುವುದಿಲ್ಲ. ಚಿತ್ರ ನಡುಗಿದರೆ ಹೊಸ ಪರದೆಯ ನೆತ್ತಿಗೂ ಹಳೇ ಟಿವಿಗೆ ಕೊಡುತ್ತಿದ್ದಂಥದೇ ಪೆಟ್ಟು. "ಹ್ವಾಯ್, ಆಟ ಆಡುದ್ ಏಗ್ಳಿಕೆ?" ಎಂದು ಹೆಂಡತಿ ರಮಿತಾ ಕೇಳಿದರೆ, "ಮೊದ್ಲ್ ಚೌಕಟ್ಟ್ ಸಮ ಆಯ್ಲಿ ಮಾರಾಯ್ತಿ" ಎಂಬುದೇ ಉತ್ತರ. ಮೊನ್ನೆ ಚೌಕಟ್ಟಿನ ಮೂಲೆಗೆ ಒಂದು ಕೆಂಪು ಚುಕ್ಕೆ ಇಟ್ಟ. ರಮಿತಾ ಕೊಳೆಯೆಂದು ಬಟ್ಟೆ ತಂದು ಒರೆಸಿದಳು, ಹೋಗಲಿಲ್ಲ. ಅಮ್ಮ ಮಾತ್ರ ಹತ್ತಿರ ಬಂದು ನೋಡಿದರು. ಅಪ್ಪ ಇದ್ದ ಕಾಲದಲ್ಲಿ ಮುಖ ತೊಳೆಯುವ ಮುಂಚೆ ಅಮ್ಮ ಹಣೆಯ ಟಿಕ್ಲಿ ತೆಗೆದು ಟಿವಿಗೆ ಅಂಟಿಸಿಡುತ್ತಿದ್ದ ಜಾಗ ಅದು. ಉಗುರಿನಿಂದ ಮೆಲ್ಲಗೆ ಕೆರೆದು, "ಬತ್ತಿಲ್ಲೆ ಕಾಣ್ ಮಗಾ" ಎಂದು ನಕ್ಕು, ಬರಿಹಣೆ ಮುಟ್ಟಿಕೊಂಡರು.