ಸುಡುಮಣ್ಣಿನ ಹೊಗೆ

ಪುತ್ತೂರು ಪೇಟೆಯಿಂದ ಸ್ವಲ್ಪ ಹೊರಗೆ ನಮ್ಮ ಬಡಾವಣೆ. ಹಾಲು, ಮೀನು ಬಾಗಿಲಿಗೇ ಬರುತ್ತವೆ. ಶಾಲೆ, ಕ್ಲಿನಿಕ್ಕು, ಬಸ್ಸು ಎಲ್ಲ ನಡೆದು ಹೋಗುವ ದೂರ. ವಾಕಿಂಗಿಗೆಂದು ಕಲ್ಲು ಹಾಸಿದ ದಾರಿಯೂ ಇದೆ. ಅದರ ಮೇಲೆ ನಡೆಯುವವರಿಗಿಂತ ನಿಂತು ಹರಟುವವರೇ ಹೆಚ್ಚು. ರಸ್ತೆಯ ಎರಡೂ ಬದಿ ಹಲಸು, ಮಾವು, ಹೊಂಗೆ. ಸೈಟು ತೋರಿಸಿದವನು ಮರಗಳ ಕಡೆ ಕೈ ಮಾಡಿ, "ಇಂಥ ಗಾಳಿ ಬೇರೆಲ್ಲೂ ಸಿಕ್ಕುದಿಲ್ಲ" ಎಂದಿದ್ದ.

ಪಕ್ಕದ ಮನೆಯವರು ಜಾಲ್ಸೂರು ಕಡೆಯ ದಂಪತಿ. ಎರಡೂ ಮನೆ ಒಟ್ಟಿಗೇ ಎದ್ದವು. ಆಗ ಕೆಲಸದವರು ಓಡಾಡಲೆಂದು ನಡುವಿನ ಕಂಪೌಂಡಿನಲ್ಲಿ ಒಂದಾಳು ನುಸುಳುವಷ್ಟು ಜಾಗ ಬಿಟ್ಟಿದ್ದರು. ಮುಚ್ಚಬೇಕೆಂದು ಇಬ್ಬರಿಗೂ ಅನಿಸಲಿಲ್ಲ. ಕರಿಬೇವಿನ ಸೊಪ್ಪು, ಪೇಪರು, ಒಮ್ಮೊಮ್ಮೆ ಕುಕ್ಕರಿನ ರಬ್ಬರು ಕೂಡ ಅದರಲ್ಲೇ ಓಡಾಡುತ್ತಿದ್ದವು.

ನಾನು ಕೆದಂಬಾಡಿಯ ತೋಟದಲ್ಲಿ ಬೆಳೆದವನು. ತರಗೆಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಗುಡಿಸಿ ರಾಶಿ ಮಾಡಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಎರಡು ದಿನ ಒಳಗೊಳಗೇ ಉರಿದು ಸುಡುಮಣ್ಣು ಸಿದ್ಧ. ಹೂವಿನ ಗಿಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ ಎಂದು ಈಗಲೂ ವಾದಿಸಬಲ್ಲೆ. ಪ್ರತಿ ಸಲ ಎರಡು ಬಕೆಟ್ ಪಕ್ಕದ ಮನೆಯಾಕೆಯ ಮಲ್ಲಿಗೆಗೂ ಕೊಡುತ್ತಿದ್ದೆ. ಆಕೆ ನಗುತ್ತಾ ತೆಗೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನನ್ನ ರಾಶಿಯ ಫೋಟೋ. ಹಾಕಿದವರು ಆಕೆಯ ಗಂಡ. ಕೆಳಗೆ, "ನಮ್ಮ ಮನೆಯಲ್ಲಿ ಉಬ್ಬಸದವರಿದ್ದಾರೆ. ಹೊಗೆ ಹಾಕುವವರು ಯೋಚಿಸಬೇಕು." ನನಗೆ ಸಿಟ್ಟು ನೆತ್ತಿಗೇರಿತು. ಹತ್ತು ಹೆಜ್ಜೆ ನಡೆದು ಬಂದು ಹೇಳಬಾರದಿತ್ತೇ? ಉಬ್ಬಸವಂತೆ! ಆಕೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

"ಒಮ್ಮೆ ಹೋಗಿ ಎಂತ ಅಂತ ಕೇಳಿ ಮಾರಾಯ್ರೆ," ಎಂದಳು ನನ್ನ ಹೆಂಡತಿ. ನಾನು ಕೇಳಲು ಹೋಗಲಿಲ್ಲ. ಹಠಕ್ಕೆ ಇನ್ನೊಂದು ರಾಶಿಗೆ ಬೆಂಕಿ ಕೊಟ್ಟೆ. ಕಂಪೌಂಡಿನ ಆ ಕಿಂಡಿ ಮುಚ್ಚಲು ಮೇಸ್ತ್ರಿಯನ್ನೂ ಕರೆಸಿದೆ.

ಆತ ಎರಡು ಸಾಲು ಕೆಂಪುಕಲ್ಲು ಇಟ್ಟಿದ್ದನಷ್ಟೇ. ಆಚೆ ಬದಿಗೆ ಆಕೆ ಬಂದು ನಿಂತರು. ಕೈಯಲ್ಲಿ ಉಸಿರಿಗೆ ಎಳೆದುಕೊಳ್ಳುವ ಪಂಪು. ಕಲ್ಲನ್ನು ನೋಡಿದರು, ರಾಶಿಯನ್ನು ನೋಡಿದರು.

"ಗೋಡೆ ಕಟ್ಟಿದ್ರೆ ಹೊಗೆ ಬರುದು ನಿಲ್ತದಾ?"

ಕುಹಕವಲ್ಲ, ನಿಜವಾಗಿಯೇ ಕೇಳಿದ್ದು. ಮತ್ತೆ ಅವರೇ ಮುಂದುವರಿಸಿದರು: "ಎರಡು ವರ್ಷ ಆಯ್ತು, ನೀವು ಬೆಂಕಿ ಹಾಕಿದ ದಿನ ನಾನು ಕಿಟಕಿ ಹಾಕಿ ಒಳಗೆ ಕೂತ್ಕೊಳ್ಳುದು. ಅಷ್ಟು ಪ್ರೀತಿಯಲ್ಲಿ ಮಣ್ಣು ಕೊಡ್ತೀರಿ. ಹೇಗೆ ಹೇಳುದು? ಇವರಿಗೆ ನೋಡಿ ತಡೀಲಿಕ್ಕೆ ಆಗ್ಲಿಲ್ಲ, ಫೋಟೋ ಹಾಕಿದ್ರು."

ಆಕೆ ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮೇಸ್ತ್ರಿ ಕರಣೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಕಲ್ಲು ತೆಗೆ ಎಂದೆ. ಪೈಪು ಎಳೆದು ತಂದು ರಾಶಿಗೆ ನೀರು ಬಿಟ್ಟೆ. ನೀರು ಬಿದ್ದದ್ದೇ ಹೊಗೆ ಇಮ್ಮಡಿಯಾಗಿ ಎದ್ದು ಆಚೆ ಕಡೆಗೇ ತಿರುಗಿತು.

"ಒಳಗೆ ಹೋಗಿ, ಕಿಟಕಿ ಹಾಕಿಕೊಳ್ಳಿ!" ಎಂದು ಕೂಗಿದೆ.

ಎರಡು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.