ಸೀರೆಯ ಮೇಲೆ ಕಟ್ಟಿದ ಬೆಲ್ಟ್

ಕೊರೊನಾ ಅಡಗಿದ ಮರುವರ್ಷ ನಾನು ಕಾರವಾರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಬೆನ್ನುಮೂಳೆಯ ಆಪರೇಷನ್ ಮಾಡುವ ಸರ್ಜನ್ ಹುಬ್ಬಳ್ಳಿಯಿಂದ ತಿಂಗಳಿಗೆರಡು ಸಲ ಬರುತ್ತಿದ್ದರು. ಅವರು ಆಪರೇಷನ್ನಿಗೆ ಗೊತ್ತುಮಾಡಿದ ರೋಗಿಗಳನ್ನು ಮೊದಲೇ ನಡೆಸಿ, ವ್ಯಾಯಾಮ ಕಲಿಸಿ, ಮೈಗೆ ಕಸುವು ತುಂಬುವುದು ನನ್ನ ಕೆಲಸ. ಇದಕ್ಕೆ ಪ್ರಿಹ್ಯಾಬ್ ಎನ್ನುತ್ತಾರೆ. ಒತ್ತಿಹೋದ ನರವನ್ನು ಸರ್ಜನ್ ಬಿಡಿಸಬಹುದು. ಆದರೆ ಮರುದಿನ ರೋಗಿಯನ್ನು ಎಬ್ಬಿಸಿ ನಿಲ್ಲಿಸುವುದು ರೋಗಿಯದೇ ತೊಡೆ, ಸೊಂಟದ ಸ್ನಾಯುಗಳು. ಅವು ಮೊದಲೇ ಸೊರಗಿದ್ದರೆ ಚೇತರಿಕೆ ಎಳೆಯುತ್ತಾ ಹೋಗುತ್ತದೆ.

ಸುಮಿತ್ರಾ ಅಂಕೋಲೆಯ ಶೆಟಗೇರಿಯವಳು. ವಯಸ್ಸು ನಲವತ್ತೈದರ ಆಸುಪಾಸು. ಮಳೆಗಾಲದಲ್ಲಿ ಬೇರೆಯವರ ಗದ್ದೆಯಲ್ಲಿ ನಾಟಿ, ಬೇಸಿಗೆಯಲ್ಲಿ ಶೇಂಗಾ ಕೀಳುವ ಕೂಲಿ. ಸೊಂಟದಲ್ಲಿ ನರ ಒತ್ತಿ ಎಡಗಾಲು ಜೋಮು ಹಿಡಿಯುತ್ತಿತ್ತು. ಬಸ್ ಸ್ಟಾಪಿಗೆ ಹೋಗಬೇಕಾದರೂ ದಾರಿಯಲ್ಲಿ ಕೂತು ಏಳಬೇಕು. ಕೈ ಊರದೆ ಕುರ್ಚಿಯಿಂದ ಏಳು ಎನ್ನುವುದು ನನ್ನ ಮೊದಲ ಪರೀಕ್ಷೆ. ಅವಳು ಹಲ್ಲು ಕಚ್ಚಿ ಎದ್ದಳು. ದುಡಿದ ಮೈ, ನನಗೆ ಖುಷಿಯಾಯಿತು. ಆಪರೇಷನ್ನಿಗೆ ಇನ್ನೂ ಒಂದೂವರೆ ತಿಂಗಳಿತ್ತು. ದಿನಾ ನಡೆ, ಕಾಲು ಭಾರವಾದರೆ ಕೂತುಕೋ, ಮತ್ತೆ ನಡೆ ಎಂದು ಹೇಳಿ, ಒಂದೆರಡು ವ್ಯಾಯಾಮ ಕಲಿಸಿ ಕಳಿಸಿದೆ.

ತಿಂಗಳ ನಂತರ ಅವಳು ಫಿಸಿಶಿಯನ್ ಹತ್ತಿರ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆದು ನನ್ನಲ್ಲಿಗೆ ಬಂದಳು. ಬಿ.ಪಿ. ಸರಿ, ಶುಗರ್ ಸರಿ, ಇಸಿಜಿ ಸರಿ, ಹಾಗಾಗಿ ಆಪರೇಷನ್ನಿಗೆ ಫಿಟ್. ಕುರ್ಚಿಯಿಂದ ಏಳು ಎಂದೆ. ಕೈ ಊರಿದರೂ ಏಳಲಾಗಲಿಲ್ಲ. ಗಂಡ ಬೊಮ್ಮಯ್ಯ ರಟ್ಟೆ ಹಿಡಿದು ಎತ್ತಿದ. ನರವೇ ಇನ್ನಷ್ಟು ಕೆಟ್ಟಿತೇನೋ ಎಂದು ಗಾಬರಿಯಾಗಿ ಸರ್ಜನ್‌ಗೆ ತೋರಿಸಿದೆ. ನರ ಮೊದಲಿದ್ದಂತೆಯೇ ಇತ್ತು, ಕರಗಿದ್ದು ಸ್ನಾಯು. ನನಗೆ ಪಿತ್ತ ನೆತ್ತಿಗೇರಿತು. ಎದ್ದು ನಿಲ್ಲಲಾರದ ಹೆಂಗಸನ್ನು ಫಿಟ್ ಎನ್ನುವುದೆಂದರೇನು? ಹೃದಯವನ್ನು ಕೇಳಿದವರು ಕಾಲನ್ನೂ ಒಂದು ಮಾತು ಕೇಳಬಾರದೇ?

ಬೊಮ್ಮಯ್ಯನನ್ನು ಚಾ ಕುಡಿಯಲು ಕಳಿಸಿ, “ನಡೆದೆಯೋ ಇಲ್ಲವೋ?” ಎಂದು ಗದರಿದೆ.

“ಸುರೂಗೆ ನಡ್ದೆ ಮೇಡಂ,” ಎಂದಳು ಸುಮಿತ್ರಾ. “ದಾರಿಲಿ ಕಂಡವ್ರೆಲ್ಲ, ನಡೂಕೆ ಬತ್ತದೆ, ಗದ್ದೆಗ್ ಬರೂಕೆ ಮಾತ್ರ ಆಗೂದಿಲ್ವಾ ಅಂತ ಕೇಳ್ದ್ರು. ಅಕ್ಕನೂ ಹಂಗೇ ಅಂದ್ಳು. ಮಲ್ಕಂಡ್ರೇ ನೋವದೆ ಅಂತ ನಂಬೂದು ಮೇಡಂ.”

ಅಕ್ಕ ಎಂದರೆ ವಾರಗಿತ್ತಿ ದೇವಕಿ, ಬೊಮ್ಮಯ್ಯನ ಅಣ್ಣನ ಹೆಂಡತಿ. ಅಣ್ಣ ತಮ್ಮಂದಿರದು ಒಂದೇ ಮನೆ, ಒಂದೇ ಒಲೆ.

ಎಷ್ಟೋ ವರ್ಷ ಈ ಕೆಲಸ ಮಾಡಿದವಳು ನಾನು. ರೋಗಿಗಳು ಸೋಮಾರಿತನದಿಂದ ಮಲಗಿದ್ದನ್ನು ಕಂಡಿದ್ದೆ, ಹೆದರಿ ಮಲಗಿದ್ದನ್ನೂ ಕಂಡಿದ್ದೆ. ನೋವಿಗೆ ಸಾಕ್ಷಿಯಾಗಿ ಮಲಗಿದವಳನ್ನು ಕಂಡದ್ದು ಅದೇ ಮೊದಲು. ಬದುಕಿಡೀ ಗೇಯ್ದವಳ ಬಾಯಿಮಾತಿಗೆ ಅಷ್ಟೂ ಬೆಲೆ ಇಲ್ಲವೆಂದು ಮೈ ಉರಿಯಿತು.

ಈ ಸ್ಥಿತಿಯಲ್ಲಿ ಆಪರೇಷನ್ ಮಾಡಿದರೆ ಇವಳು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾಳೆ ಎಂದು ಸರ್ಜನ್ ಹತ್ತಿರ ಜಗಳವನ್ನೇ ಆಡಿದೆ. ಅವರು ಒಪ್ಪಿ ಒಂದು ತಿಂಗಳು ಮುಂದೆ ಹಾಕಿದರು. ಸುಮಿತ್ರಾ ನನ್ನ ಕೈ ಹಿಡಿದುಕೊಂಡು ಅತ್ತಳು. “ಮುಂದೆ ಹಾಕ್ಬೇಡಿ ಮೇಡಂ. ಕಾಯ್ಲೆನೇ ಇಲ್ಲ, ಅದ್ಕೇ ಡಾಕ್ಟ್ರು ತಿರುಗ್ಸಿ ಕಳ್ಸಿದ್ರು ಅಂತ ಊರವ್ರು ಹೇಳ್ತ್ರು.”

“ನಾನೇ ನಿನ್ನ ಮನೆಗೆ ಬಂದು ಹೇಳುತ್ತೇನೆ,” ಎಂದೆ.

ಆ ಭಾನುವಾರವೇ ಹೋದೆ. ಜಗಲಿಯಲ್ಲಿ ಚಾಪೆಯ ಮೇಲೆ ಸುಮಿತ್ರಾ. ಅವಳನ್ನು ನೋಡಲೆಂದು ಬಾಳೆಹಣ್ಣು, ಬ್ರೆಡ್ಡು ಹಿಡಿದು ಬಂದ ನೆರೆಮನೆಯವಳು ಪಕ್ಕದಲ್ಲಿ ಕೂತು, “ಏಳ್ಬೇಡ, ಏಳ್ಬೇಡ” ಎನ್ನುತ್ತಿದ್ದಳು. ಬೊಮ್ಮಯ್ಯ ಮತ್ತು ಅವನ ಅಣ್ಣ ಮೆಟ್ಟಿಲ ಮೇಲೆ ಮೊಬೈಲ್ ನೋಡುತ್ತಾ ಕೂತಿದ್ದರು. ದೇವಕಿ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು.

ಅಂಗಳದಲ್ಲೇ ಅವಳನ್ನು ತರಾಟೆಗೆ ತೆಗೆದುಕೊಂಡೆ. ಅವಳು ಕೊಡ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು. “ನಂಗೂ ಸೊಂಟ ನೋವೇ ಮೇಡಂ. ಯಾರಿಗ್ ಹೇಳೂದು? ನಾನೂ ಮಲ್ಕಂಡ್ರೆ ಎಮ್ಮೆ ಹಾಲ್ ಕರೂದ್ ಯಾರು, ಈ ನೀರ್ ಹೊರೂದ್ ಯಾರು?”

ನನ್ನ ಸಿಟ್ಟು ಇಳಿಯಲಿಲ್ಲ, ಮೆಟ್ಟಿಲ ಕಡೆಗೆ ತಿರುಗಿತು. “ನೀವಿಬ್ಬರೂ ಇಲ್ಲಿ ಯಾರ ದಾರಿ ಕಾಯುತ್ತಾ ಕೂತಿದ್ದೀರಿ? ಇಂದಿನಿಂದ ನೀರು ನಿಮ್ಮದು,” ಎಂದೆ. ಅಣ್ಣ ಮೊಬೈಲಿನಿಂದ ತಲೆ ಎತ್ತಲಿಲ್ಲ. ಬೊಮ್ಮಯ್ಯ ಎದ್ದು ಕೊಡ ಹಿಡಿದ.

ಚೀಲದಿಂದ ಸೊಂಟದ ಬೆಲ್ಟ್ ತೆಗೆದೆ. ಬೆಲ್ಟ್ ಸ್ನಾಯುವಿಗೆ ಕಸುವು ಕೊಡುವುದಿಲ್ಲ, ಅದು ನನಗೂ ಗೊತ್ತು. ಸೀರೆಯ ಒಳಗಲ್ಲ, ಊರಿಗೆಲ್ಲ ಕಾಣುವಂತೆ ಸೀರೆಯ ಮೇಲೆಯೇ ಬಿಗಿದೆ. ನೆರೆಮನೆಯವಳ ಕಿವಿಗೆ ಬೀಳುವಂತೆ, “ಇದನ್ನು ಕಟ್ಟಿಕೊಂಡು ದಿನಾ ಎರಡು ಹೊತ್ತು ನಡೆಯಬೇಕು. ಅದೇ ಇವಳ ಔಷಧಿ. ನಡೆಯದಿದ್ದರೆ ಆಪರೇಷನ್ನೇ ಇಲ್ಲ,” ಎಂದು ಕೂಗಿ ಹೇಳಿದೆ. ಇದರಲ್ಲಿ ಅರ್ಧ ಸುಳ್ಳಿದೆ ಎಂದು ಯಾರಾದರೂ ಹೇಳಿದರೆ ಹೇಳಲಿ.

ಬೆಲ್ಟ್ ಕೆಲಸ ಮಾಡಿತು. ಕೆಣಕುತ್ತಿದ್ದವರೇ, “ಇವತ್ತು ನಡ್ದಾಯ್ತಾ?” ಎಂದು ಕೇಳತೊಡಗಿದರಂತೆ. ತಿಂಗಳ ಕೊನೆಗೆ ಸುಮಿತ್ರಾ ಕೈ ಊರದೆ ಕುರ್ಚಿಯಿಂದ ಎದ್ದಳು. ಆಪರೇಷನ್ ಆದ ಮರುದಿನ ವಾಕರ್ ಹಿಡಿದು ನಿಂತಳು, ಸಂಜೆಗೆ ವಾರ್ಡಿನ ಬಾಗಿಲವರೆಗೆ ನಡೆದಳು. ಗಟ್ಟಿಯಾಗಿದ್ದವರೆಲ್ಲ ಹೀಗೇ ಬೇಗ ಏಳುತ್ತಾರೆಂದು ನಾನು ಬರೆದುಕೊಡಲಾರೆ. ಆದರೆ ಚಾಪೆಯಿಂದ ನೇರ ಆಪರೇಷನ್ ಟೇಬಲ್ಲಿಗೆ ಹೋಗಿದ್ದರೆ ಅವಳು ಆ ಬಾಗಿಲನ್ನು ಅಷ್ಟು ಬೇಗ ಕಾಣುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಅವಳು ತೋರಿಸಿಕೊಳ್ಳಲು ಬಂದಳು. ಜೊತೆಗೆ ದೇವಕಿ ಇದ್ದಳು, ದೇವಕಿಯ ಗಂಡ ಹೊರಗೆ ಬೆಂಚಿನ ಮೇಲಿದ್ದ. ಸುಮಿತ್ರಾ ಬೆಲ್ಟನ್ನು ಒಗೆದು, ಮಡಚಿ ತಂದಿದ್ದಳು. ಅವಳು ನನಗೆ ಕೊಡುವ ಮೊದಲೇ ದೇವಕಿ ಕೈ ಚಾಚಿದಳು.

“ಇದ್ ನಂಗೆ ಕೊಡಿ ಮೇಡಂ.”

“ಅದರಲ್ಲಿ ಔಷಧಿ ಏನೂ ಇಲ್ಲ ದೇವಕಿ,” ಎಂದೆ.

“ಇಲ್ದಿದ್ರೆ ಇರ್ಲಿ. ಇದ್ ಕಟ್ಕಂಡ್ ಕೂತ್ರೆ, ಏಳು ಅಂತ ಯಾರೂ ಹೇಳೂದಿಲ್ಲ.”

ನಾನು ಬೆಲ್ಟ್ ಕೊಡಲಿಲ್ಲ. ಕುರ್ಚಿ ಎಳೆದು ಅವಳನ್ನು ಕೂರಿಸಿದೆ. ಕೈ ಊರದೆ ಏಳು ಎನ್ನುವ ಮೊದಲು ಹೊರಗೆ ಹೋಗಿ ಅವಳ ಗಂಡನನ್ನು ಒಳಗೆ ಕರೆದು ತಂದು, ಅವಳ ನೋವನ್ನು ಕಣ್ಣಾರೆ ನೋಡಲೆಂದು ಎದುರಿಗೆ ನಿಲ್ಲಿಸಿದೆ. ವೃತ್ತಿ ಕಲಿಸಿದ ಈ ಪಾಠವನ್ನು ನಿವೃತ್ತಿಯವರೆಗೂ ಬಿಡಲಿಲ್ಲ: ನಡೆಯಿರಿ ಎಂದು ರೋಗಿಗೆ ಹೇಳುವ ಮೊದಲು, ಇವರು ನಡೆದರೆ ನೀವು ಏನನ್ನುತ್ತೀರಿ ಎಂದು ಮನೆಯವರನ್ನು ಕೇಳುತ್ತಿದ್ದೆ.