ಸೋಪಿನ ಮೇಲೆ ಉಳಿದ ಹೆಜ್ಜೆ

ಗಲ್ಫಿನ ಅಲ್ ನಹ್ದಾ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಅಲೆಪ್ಪೊ ಊರಿನ ವೃದ್ಧೆಯೊಬ್ಬರು ಒಂಟಿಯಾಗಿದ್ದಾರೆ. ನನ್ನ ಹೆಂಡತಿ ಅವರನ್ನು ಖಾಲಾ ಎನ್ನುತ್ತಾಳೆ, ಅಂದರೆ ಚಿಕ್ಕಮ್ಮ. ಅವರ ಗಂಡ ಆಲಿವ್ ಎಣ್ಣೆಯ ಸೋಪು ಮಾಡುತ್ತಿದ್ದರು. ಅವರ ಬಾಗಿಲು ತೆರೆದಾಗಲೆಲ್ಲ ಬಿರಿಯಾನಿ ಎಲೆಯಂಥ ವಾಸನೆ ಕಾರಿಡಾರಿಗೆ ಬರುತ್ತದೆ.

ಹಿಂದಿನ ಕೋಣೆಯಲ್ಲಿ, ಒಂದು ಹಲಗೆಯ ಮೇಲೆ, ಒತ್ತೊತ್ತಾಗಿ ಜೋಡಿಸಿದ ಸೋಪಿನ ತುಂಡುಗಳಿವೆ. ಅವುಗಳ ಮೇಲೆ ಬೆಳೆದ ಗಂಡಸಿನ ಒಂದು ಬರಿಗಾಲಿನ ಗುರುತು, ಹಿಮ್ಮಡಿಯಿಂದ ಬೆರಳ ತುದಿಯವರೆಗೆ. ಮೊದಲ ಸಲ ಕಂಡಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದೆ.

ಖಾಲಾ ಮುರುಕು ಹಿಂದಿಯಲ್ಲಿ ವಿವರಿಸಿದರು. ಕುದಿಸಿದ ಸೋಪನ್ನು ನೆಲದ ತುಂಬ ಸುರಿಯುತ್ತಾರೆ. ಅದು ಗಟ್ಟಿಯಾಗತೊಡಗಿದಾಗ ಕಾಲಿಗೆ ಹಲಗೆ ಕಟ್ಟಿಕೊಂಡು ಅದರ ಮೇಲೆ ನಡೆಯುತ್ತ ಕತ್ತರಿಸುತ್ತಾರೆ, ಮುದ್ರೆ ಒತ್ತುತ್ತಾರೆ. ಒಮ್ಮೆ ಅವರ ದೊಡ್ಡ ಮಗ ಹಲಗೆ ಕಟ್ಟದೆ ಕಾಲಿಟ್ಟುಬಿಟ್ಟ. ಅಪ್ಪ ಬೈದರು, ಅಮ್ಮ ನಗುತ್ತ ಆ ತುಂಡುಗಳನ್ನು ತೆಗೆದಿಟ್ಟರು. ಯುದ್ಧ ಶುರುವಾದ ಮೇಲೆ ಆ ಮಗ ರೊಟ್ಟಿ ತರಲು ಹೋದವನು ಮರಳಲಿಲ್ಲ. ದೇಹವೂ ಸಿಗಲಿಲ್ಲ.

ಆ ಕೋಣೆಯ ಎಸಿಯನ್ನು ಅವರು ಆಗಸ್ಟಿನಲ್ಲೂ ಹಾಕುತ್ತಿರಲಿಲ್ಲ. ಖಾಲಾಗೆ ಕರೆಂಟ್ ಬಿಲ್ಲಿನ ಹೆದರಿಕೆ ಎಂದು ನಾವು ನಗುತ್ತಿದ್ದೆವು.

ಕಳೆದ ಬೇಸಿಗೆಯಲ್ಲಿ ಅವರು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿಗೆ, ಮಗಳ ಮನೆಗೆ ಹೋದರು. ಪುದೀನದ ಕುಂಡಗಳಿಗೆ ನೀರು ಹಾಕಲು ಕೀ ನಮಗೆ ಕೊಟ್ಟಿದ್ದರು. ಹೆಂಡತಿ ಹಿಂದಿನ ಕೋಣೆ ನೋಡಿದಾಗ ಸೋಪು ಬೆವರಿತ್ತು, ಪಾದದ ಗುಳಿಯಲ್ಲಿ ನೀರು ನಿಂತಿತ್ತು.

"ಹೀಗೇ ಬಿಟ್ರೆ ಬೂಷ್ಟು ಬರ್ತದೆ ಮಾರಾಯ್ರೆ. ಪಾಪ, ಇರೋದು ಅದೊಂದೇ," ಎಂದು ಎಸಿ ಹಾಕಿದಳು. ಊರಿಗೆ ಹೋಗುವಾಗ ಇಲ್ಲಿ ಎಲ್ಲರೂ ಎಸಿ ಹಾಕಿಟ್ಟೇ ಹೋಗುವುದು, ಗೋಡೆ ಕೆಡಬಾರದೆಂದು. ಬೇಸಿಗೆಯಿಡೀ ಅದು ಓಡುತ್ತಲೇ ಇತ್ತು.

ಖಾಲಾ ಮರಳಿದ ಸಂಜೆ ನಮ್ಮನ್ನು ಕರೆದರು. ಸೋಪು ಒಣಗಿ ಕುಗ್ಗಿತ್ತು. ತುಂಡುಗಳ ನಡುವೆ ಸಂದು ಬಿದ್ದು ಪಾದ ಚೂರುಚೂರಾಗಿ ಕಾಣುತ್ತಿತ್ತು. ಅವರು ಎರಡೂ ಅಂಗೈಗಳಿಂದ ತುಂಡುಗಳನ್ನು ಒತ್ತಿ ಕೂಡಿಸಿದರು. ಸಂದುಗಳು ಮುಚ್ಚಿದವು. ಹಲಗೆಯ ಮೇಲೆ ಈಗ ಇದ್ದದ್ದು ಚಿಕ್ಕ ಹುಡುಗನೊಬ್ಬನ ಕಾಲು.

ಹೆಂಡತಿ ಅಳತೊಡಗಿದಳು. ಖಾಲಾ ಅವಳ ತಲೆ ಸವರಿದರು. ಒಣಗದಂತೆ ಇಷ್ಟು ವರ್ಷ ಎಸಿ ಹಾಕದೆ ಸೆಕೆಯಲ್ಲಿ ಕಾಪಾಡಿದ್ದೆ, ಬೆಳೆದವನ ಕಾಲಿಗೆ ಮನೆಯ ದಾರಿ ಗೊತ್ತಿರುತ್ತದಲ್ಲ, ಎಂದರು. ಆಮೇಲೆ ಮೆಲ್ಲಗೆ ಹೇಳಿದರು:

"ಖಲಾಸ್ ಬಿಂತಿ, ಸಾಕು ಮಗಳೇ. ಬರ್ತಾನೆ. ಆದ್ರೆ ಈಗ ಅವನಿಗೆ ಬೆಲ್ ಎಟಕೋದಿಲ್ಲ."

ಸೋಪು ಒಂದು ಮಿತಿಯವರೆಗೆ ಮಾತ್ರ ಕುಗ್ಗುತ್ತದೆ ಎಂದು ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇನೆ. ಹುಡುಗನ ಕಾಲಿನಷ್ಟು ಆಗುವುದು ಸಾಧ್ಯವಿಲ್ಲವಂತೆ. ಕಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಅಂದಿನಿಂದ ಅವರ ಮುಂಬಾಗಿಲು ಒಂದು ಅಂಗೈಯಷ್ಟು ತೆರೆದೇ ಇರುತ್ತದೆ. ವಾಚ್‌ಮನ್ ಬಂದು ಹೇಳಿದರೂ ಮುಚ್ಚುವುದಿಲ್ಲ. ಹೊಸ್ತಿಲ ಒಳಗೆ ಹುಡುಗನೊಬ್ಬನಿಗೆ ಆಗುವಂಥ ಹೊಸ ಚಪ್ಪಲಿಗಳನ್ನು ಬಾಗಿಲಿಗೆ ಮುಖಮಾಡಿ ಇಟ್ಟಿದ್ದರು.

ಕಳೆದ ವಾರ ಅವುಗಳ ಜಾಗದಲ್ಲಿ ಇನ್ನೂ ಚಿಕ್ಕ ಜೊತೆ ಬಂದಿದೆ.